ಹೋಳಿಗೆ ವಾಪಸ್ ಕಳಿಸಿದ ಮಕ್ಕಳ ಮನೆ

ಮೊದಲೇ ಹೇಳಿಬಿಡುತ್ತೇನೆ, ನಾನು ಬಟ್ಟೆ ಹೊಲಿದುಕೊಡುವ ಮಕ್ಕಳ ಮನೆಗೆ, ಅಂದರೆ ಜನ ಅನಾಥಾಶ್ರಮ ಅನ್ನುವ ಜಾಗಕ್ಕೆ, ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಡಿಮೆ ಅನ್ನುವುದು ಆಮೇಲೆ ಬರುತ್ತದೆ. ನಾಲ್ಕು ಯಾಕೆ ಕೊಟ್ಟೆ ಅಂತ ಹೇಳಬೇಕಾದರೆ ಹೋಳಿಗೆಯಿಂದಲೇ ಶುರು ಮಾಡಬೇಕು.

ಅವ್ವ ತೀರಿಕೊಂಡು ಒಂದು ವರ್ಷವಾಗಿತ್ತು. ಪುಣ್ಯತಿಥಿಗೆ ಅರವತ್ತು ಹೋಳಿಗೆ ಮಾಡಿದೆವು. ನಾನು ಮತ್ತು ನನ್ನ ವಾರಗಿತ್ತಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬೇಳೆ ಬೇಯಿಸಿ, ಹೂರಣ ರುಬ್ಬಿ, ತಟ್ಟಿ ತಟ್ಟಿ ಸಾಕಾಗಿ ಹೋಗಿತ್ತು. ಎರಡು ಸ್ಟೀಲ್ ಡಬ್ಬಿ ತುಂಬಿಕೊಂಡು ಆಟೊ ಹಿಡಿದು ಮಕ್ಕಳ ಮನೆಗೆ ಹೋದೆ. ಗೇಟಿನಲ್ಲೇ ತಡೆದರು. ಒಳಗಿಂದ ಆ ಮನೆ ನಡೆಸುವ ಮೇಡಂ ಬಂದರು. ನೀರು ಕೊಟ್ಟರು, ಕೂರಿಸಿದರು, ಅವ್ವನ ಬಗ್ಗೆ ಕೇಳಿದರು. ಎಲ್ಲ ಆದಮೇಲೆ ಹೋಳಿಗೆ ಮಾತ್ರ ಬೇಡ ಅಂದರು.

‘ಹೊರಗಿಂದ ಮಾಡಿ ತಂದ ಅಡುಗೆ ಮಕ್ಕಳಿಗೆ ಕೊಡಲ್ಲ ಅಕ್ಕಾರೆ. ಬೆಲ್ಲ, ಕಡಲೆಬೇಳೆ ಕೊಡಿ. ಭಾನುವಾರ ನಮ್ಮ ಅಡುಗೆಯವರೇ ಮಾಡ್ತಾರೆ.’

‘ಹಂಗಾದ್ರೆ ಅವ್ವನ ಹೆಸರು ಹೇಳಿ ಬಡಿಸ್ತೀರಾ?’ ಅಂತ ಕೇಳಿದೆ.

ಅದೂ ಇಲ್ಲವಂತೆ. ಮೇಡಂ ಹೇಳಿದ್ದು ಇವತ್ತಿಗೂ ನೆನಪಿದೆ. ಮೊದಲು ಅಲ್ಲಿಗೆ ತಿಂಗಳಲ್ಲಿ ಏಳೆಂಟು ತಿಥಿ ಊಟ ಬರುತ್ತಿತ್ತಂತೆ. ಎಲೆ ಹಾಕಿ ಪಾಯಸ ಬಡಿಸಿದ ಕೂಡಲೇ ಒಂದು ಪುಟ್ಟ ಹುಡುಗಿ ಕೇಳುತ್ತಿದ್ದಳಂತೆ: ‘ಇವತ್ತು ಯಾರು ಸತ್ತಿದ್ದಾರೆ?’ ಅವತ್ತಿನಿಂದ ನಿಲ್ಲಿಸಿದೆವು ಅಂದರು.

ಆಗ ನನಗೆ ಆ ಮಾತು ತಲೆಗೆ ಹೋಗಲಿಲ್ಲ. ಸಿಟ್ಟು ಬಂದಿತ್ತು. ಹೋಗಿ ಬರುವ ಆಟೊ ಬಾಡಿಗೆ ದಂಡ. ಕೊಟ್ಟವನು ಕೋಡಂಗಿ ಅಂತ ಗೊಣಗಿಕೊಂಡು ವಾಪಸ್ ಬಂದೆ. ಹೋಳಿಗೆಯನ್ನು ನಮ್ಮ ಓಣಿಯಲ್ಲೇ ಹಂಚಿದೆ. ಇನ್ನು ಆ ಕಡೆ ತಲೆ ಹಾಕಲ್ಲ ಅಂದುಕೊಂಡಿದ್ದೆ. ಅದಾಗಿ ನಾಲ್ಕು ವರ್ಷ. ಈಗ ಅಲ್ಲಿನ ಮಕ್ಕಳ ಬಟ್ಟೆಯೆಲ್ಲ ನಾನೇ ಹೊಲಿಯುವುದು.

ನನ್ನ ಪರಿಚಯ ಇಷ್ಟೇ. ದಾವಣಗೆರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಅಂಗಡಿ. ಮೂರು ಮಷೀನು, ಒಂದು ಓವರ್‌ಲಾಕು. ಬ್ಲೌಸು, ಚೂಡಿದಾರು, ಮೇ ತಿಂಗಳು ಬಂದರೆ ಸ್ಕೂಲ್ ಯೂನಿಫಾರ್ಮು. ಸಮಾಜ ಸೇವೆ ಗೀವೆ ಗೊತ್ತಿಲ್ಲ. ಮಗಳು ಎಂ.ಎಸ್.ಡಬ್ಲ್ಯು, ಅಂದರೆ ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ, ಓದಿದ್ದಾಳೆ, ಕಾಯ್ದೆ ಕಾನೂನು ಏನಿದ್ದರೂ ಅವಳಿಂದ ಕಲಿತದ್ದು. ಬಟ್ಟೆಯ ವಿಷಯ ಮಾತ್ರ ನನ್ನದು.

ಆ ಮನೆಯ ಹೆಸರು ಇಲ್ಲಿ ಹಾಕುತ್ತಿಲ್ಲ. ಹಾಕಿದರೆ ಮುಂದಿನ ಭಾನುವಾರ ಕೇಕ್ ಹಿಡಿದುಕೊಂಡು ಐವತ್ತು ಜನ ಗೇಟಿನ ಮುಂದೆ ನಿಂತಿರುತ್ತಾರೆ ಅನ್ನುವುದು ಒಂದು. ಇನ್ನೊಂದು, ಕಾನೂನು. 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ, ರಕ್ಷಣೆಯಲ್ಲಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೊ ಯಾವುದನ್ನೂ ಮಗು ಯಾರು ಅಂತ ಗೊತ್ತಾಗುವ ಹಾಗೆ ಹೊರಗೆ ಹಾಕುವಂತಿಲ್ಲ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಮಗಳು ಇದನ್ನು ಹೇಳಿದ ದಿನ ನನ್ನ ವಾಟ್ಸಾಪ್ ಸ್ಟೇಟಸ್‌ಗಳನ್ನು ನೆನೆಸಿಕೊಂಡು ಬೆವರಿದ್ದೆ. ಹಾಗಾಗಿ ಈ ಬರಹದಲ್ಲಿ ಮಕ್ಕಳ ಬಗ್ಗೆ ಏನೇ ಬಂದರೂ ಗುರುತಾಗುವ ವಿವರ ಬದಲಿಸಿದ್ದೇನೆ.

ಈ ಮನೆಗೆ ಹೊಲಿಯುವ ಮೊದಲು ಇನ್ನೊಂದು ಸಂಸ್ಥೆಗೆ ಹೊಲಿದಿದ್ದೆ. ನಮ್ಮ ಜಿಲ್ಲೆಯದಲ್ಲ, ಅಷ್ಟು ಸಾಕು. ಅಲ್ಲಿಂದ ಫೋನ್ ಬಂದಿತ್ತು. ನಲವತ್ತೆಂಟು ಫ್ರಾಕು, ಒಂದೇ ಥಾನಿನ ಗುಲಾಬಿ ಬಟ್ಟೆ. ಅಳತೆ ಎಲ್ಲಿ ಅಂತ ಕೇಳಿದರೆ, ‘ಸಣ್ಣದು ಹದಿನೆಂಟು, ಮಧ್ಯಮ ಹದಿನೆಂಟು, ದೊಡ್ಡದು ಹನ್ನೆರಡು ಮಾಡಿಬಿಡಿ’ ಅಂದರು. ಇಡ್ಲಿ ತಟ್ಟೆ ಆರ್ಡರ್ ಮಾಡಿದ ಹಾಗೆ. ಮಾಡಿಕೊಟ್ಟೆ. ದುಡ್ಡು ಸರಿಯಾಗಿ, ಅವತ್ತೇ ಬಂತು. ಹಂಚುವ ಕಾರ್ಯಕ್ರಮಕ್ಕೆ ನನ್ನನ್ನೂ ಕರೆದಿದ್ದರು. ಪೆಂಡಾಲು, ಬ್ಯಾನರು, ದಾನಿಗಳ ಕುಟುಂಬ. ಮಕ್ಕಳು ಸಾಲಾಗಿ ಬಂದು ಫ್ರಾಕು ತೆಗೆದುಕೊಂಡು ದಾನಿಗಳ ಕಾಲು ಮುಟ್ಟಿ ಕ್ಯಾಮೆರಾ ನೋಡಿ ಹೋಗುತ್ತಿದ್ದರು. ಚೆನ್ನಾಗಿತ್ತು ಅನ್ನಿಸಿತು ನನಗೆ. ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರೂ ಬಂದಿತ್ತು.

ಮರುವರ್ಷ ಅದೇ ಫ್ರಾಕುಗಳಲ್ಲಿ ಹತ್ತು ಹನ್ನೆರಡು ನನ್ನ ಅಂಗಡಿಗೆ ಬಂದವು. ಮಕ್ಕಳು ಬೆಳೆದಿದ್ದಾರೆ, ಮಡಿಕೆ ಬಿಚ್ಚಿ ಉದ್ದ ಮಾಡಿಕೊಡಿ ಅಂತ. ಬಿಚ್ಚಲು ಕೂತೆ. ಕಂಕುಳಲ್ಲಿ ಬೆವರಿನ ಕಲೆ ಇಲ್ಲ. ಕಾಲರಿನಲ್ಲಿ ಎಣ್ಣೆ ಜಿಡ್ಡಿಲ್ಲ. ಮಡಿಕೆಯ ಒಳಗಿನ ಬಣ್ಣಕ್ಕೂ ಹೊರಗಿನ ಬಣ್ಣಕ್ಕೂ ವ್ಯತ್ಯಾಸವೇ ಇಲ್ಲ. ಮಕ್ಕಳು ವರ್ಷ ಹಾಕಿದ ಬಟ್ಟೆ ಹಾಗಿರಲು ಸಾಧ್ಯವೇ ಇಲ್ಲ. ಮಗು ಹಾಕಿದ ಬಟ್ಟೆಗೆ ಮಣ್ಣಿನ ವಾಸನೆ ಇರುತ್ತದೆ, ಗುಂಡಿ ಕಿತ್ತಿರುತ್ತದೆ, ತೋಳಿನ ತುದಿಯಲ್ಲಿ ಮೂಗು ಒರೆಸಿದ ಗುರುತಿರುತ್ತದೆ. ಇವು ಬೀರುವಿನಲ್ಲಿ ಇದ್ದವು. ಯಾರಾದರೂ ನೋಡಲು ಬಂದಾಗ ತೆಗೆದು ಹಾಕಿಸಿ, ಹೋದಮೇಲೆ ಮತ್ತೆ ಬೀರುವಿಗೆ. ಬಟ್ಟೆ ತಂದ ಹುಡುಗನೇ ಬಾಯಿಬಿಟ್ಟ. ಆಮೇಲೆ ಅವರ ಆರ್ಡರ್ ತೆಗೆದುಕೊಳ್ಳಲಿಲ್ಲ. ಮೇ ತಿಂಗಳು, ಕೆಲಸ ಜಾಸ್ತಿ ಇದೆ ಅಂದೆ. ಮುಖಕ್ಕೆ ಹೇಳುವ ಧೈರ್ಯ ಇರಲಿಲ್ಲ.

ಈಗ ಈ ಮನೆಯ ಕಥೆ. ಹೋಳಿಗೆಯ ಜಗಳ ಆಗಿ ಆರು ತಿಂಗಳಿಗೆ ಮೇಡಂ ಅಂಗಡಿಗೆ ಬಂದರು. ಗುರುತು ಹಿಡಿದು ನಕ್ಕರು. ಮಕ್ಕಳಿಗೆ ದಸರಾಕ್ಕೆ ಬಟ್ಟೆ ಹೊಲಿಸಬೇಕು, ಆದರೆ ಒಂದು ಶರತ್ತು ಇದೆ ಅಂದರು. ಮಕ್ಕಳೇ ಅಂಗಡಿಗೆ ಬರುತ್ತಾರೆ, ಆರಾರು ಜನ, ಶನಿವಾರ ಮಧ್ಯಾಹ್ನ. ಬಟ್ಟೆ ಅವರೇ ಆರಿಸಬೇಕು, ಅಳತೆ ಒಬ್ಬೊಬ್ಬರದೂ ತೆಗೆಯಬೇಕು. ‘ನಿಮಗೆ ಲಾಸ್ ಆಗುತ್ತೆ ಅಂತ ಗೊತ್ತು’ ಅಂತಲೂ ಅಂದರು. ಆಗುತ್ತದೆ. ಒಂದೇ ಥಾನಿನಲ್ಲಿ ಮೂವತ್ತು ಕತ್ತರಿಸಿದರೆ ಬಟ್ಟೆ ಉಳಿಯುತ್ತದೆ, ಟೈಮ್ ಉಳಿಯುತ್ತದೆ. ಎಂಟು ಬಣ್ಣದಲ್ಲಿ ಮೂವತ್ತನಾಲ್ಕು ಬೇರೆ ಬೇರೆ ಅಳತೆ ಅಂದರೆ ತಲೆನೋವು. ಒಂದು ಚೂಡಿದಾರಿಗೆ ಮುನ್ನೂರು ರೂಪಾಯಿ ತೆಗೆದುಕೊಳ್ಳುತ್ತಿದ್ದೆ, ಅವರಿಗೆ ಇನ್ನೂರ ಇಪ್ಪತ್ತು ಹೇಳಿದೆ. ಒಪ್ಪಿಕೊಂಡರು.

ಮೊದಲ ಶನಿವಾರ ಬಂದ ಮಕ್ಕಳಿಗೆ ಆರಿಸುವುದೇ ಗೊತ್ತಿರಲಿಲ್ಲ. ನಿಜ ಹೇಳುತ್ತಿದ್ದೇನೆ. ಎಂಟು ಥಾನು ಬಿಚ್ಚಿ ಮುಂದೆ ಹಾಕಿದೆ. ಯಾವುದು ಬೇಕಮ್ಮಾ ಅಂದರೆ ಆರು ಜನವೂ ಜೊತೆಗೆ ಬಂದಿದ್ದ ಅಕ್ಕನ (ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು) ಮುಖ ನೋಡಿದರು. ಅಕ್ಕ ಬಾಗಿಲ ಕಡೆ ತಿರುಗಿ ನಿಂತುಬಿಟ್ಟರು, ಬೇಕಂತಲೇ. ಹತ್ತು ನಿಮಿಷ ಸುಮ್ನೆ ಕಳೆಯಿತು. ಆಮೇಲೆ ಒಬ್ಬಳು ಹಳದಿ ಮೇಲೆ ಬೆರಳಿಟ್ಟಳು. ಇನ್ನೊಬ್ಬಳು ಅದನ್ನೇ ಅಂದಳು, ಆಮೇಲೆ ಮನಸ್ಸು ಬದಲಿಸಿ ನೀಲಿ ಅಂದಳು, ಮತ್ತೆ ಹಳದಿ. ಬದಲಿಸಬಹುದು ಅಂತ ಗೊತ್ತಾದ ಕೂಡಲೇ ಅಂಗಡಿ ಸಂತೆಯಾಯಿತು.

ಎಲ್ಲರೂ ಕೇಳಿದ್ದು ಒಂದೇ, ಜೇಬು. ಫ್ರಾಕಿಗೆ ಜೇಬು, ಚೂಡಿದಾರಿಗೆ ಜೇಬು, ಲಂಗಕ್ಕೂ ಜೇಬು. ಯಾಕೆ ಅಂತ ನನಗೆ ತಿಳಿಯಲಿಲ್ಲ. ಆಮೇಲೆ ಆ ಮನೆಗೆ ಹೋದಾಗ ನೋಡಿದೆ. ಮಲಗುವ ಕೋಣೆಯಲ್ಲಿ ಒಬ್ಬೊಬ್ಬರಿಗೂ ಒಂದು ಸಣ್ಣ ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಬೀಗ. ಕೀಲಿ ಮಗುವಿನ ಹತ್ತಿರವೇ. ನೂಲಿನಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು, ಆಡುವಾಗ ಚುಚ್ಚುತ್ತಿತ್ತು. ಜೇಬು ಬೇಕಾದದ್ದು ಆ ಕೀಲಿಗೆ. ಈಗ ಕೀಲಿ ಬೀಳದ ಹಾಗೆ ಜೇಬಿನ ಬಾಯಿಗೆ ಒಂದು ಪ್ರೆಸ್ ಬಟನ್ ಹಾಕಿಕೊಡುತ್ತೇನೆ. ಅದಕ್ಕೆ ಕೂಲಿ ಇಲ್ಲ.

ಒಂದು ದಿನ ಹೊಸದಾಗಿ ಬಂದ ಮಗುವಿನ ಸರದಿ ಇತ್ತು. ಅವರು ಬರುವ ಮೊದಲೇ ಅಕ್ಕ ಫೋನ್ ಮಾಡಿದರು. ‘ಇವಳಿಗೆ ಟೇಪು ಹಿಡಿಯಬೇಡಿ. ಯಾರಾದರೂ ಮುಟ್ಟಿದರೆ ಹೆದರುತ್ತಾಳೆ. ಅವಳದೊಂದು ಹಳೇ ಫ್ರಾಕು ತರ್ತೀನಿ, ಅದರ ಮೇಲೆ ಅಳತೆ ತಗೊಳ್ಳಿ.’ ಹಾಗೇ ಮಾಡಿದೆ. ಎರಡನೇ ಸಲವೂ ಹಾಗೇ. ಮೂರನೇ ಸಲ, ಅಂದರೆ ಸುಮಾರು ಒಂದೂವರೆ ವರ್ಷಕ್ಕೆ, ಅವಳೇ ಟೇಪು ತೆಗೆದುಕೊಂಡು ತನ್ನ ಸೊಂಟಕ್ಕೆ ಸುತ್ತಿಕೊಂಡು ‘ಇಪ್ಪತ್ತೆರಡು’ ಅಂದಳು. ಸರಿಯಾಗಿ ಓದಿದ್ದಳು.

ಟೇಪು ಹಿಡಿಯಬಾರದು ಅಂತ ಅಕ್ಕನಿಗೆ ಹೇಗೆ ಗೊತ್ತಾಯಿತು? ಆ ಒಂದು ಪ್ರಶ್ನೆಯಲ್ಲೇ ಈ ಮನೆಯ ಎಲ್ಲ ಗುಟ್ಟು ಇದೆ ಅಂತ ನನ್ನ ಲೆಕ್ಕ. ಆ ಅಕ್ಕ ಅಲ್ಲಿ ಒಂಬತ್ತು ವರ್ಷದಿಂದ ಇದ್ದಾರೆ. ಯಾವ ಮಗು ರಾತ್ರಿ ಲೈಟು ಆರಿಸಿದರೆ ಅಳುತ್ತದೆ, ಯಾವುದು ತಟ್ಟೆಯಿಂದ ಚಪಾತಿ ಎತ್ತಿ ದಿಂಬಿನ ಕೆಳಗೆ ಬಚ್ಚಿಡುತ್ತದೆ, ಎಲ್ಲ ಗೊತ್ತು. ಚಪಾತಿ ಬಚ್ಚಿಟ್ಟ ಮಗುವಿಗೆ ಬೈದಿಲ್ಲ. ಒಂದು ಡಬ್ಬಿ ಕೊಟ್ಟು, ರಾತ್ರಿ ಹಸಿವಾದರೆ ಇದರಲ್ಲಿರುತ್ತೆ ಅಂತ ಮಂಡಕ್ಕಿ ತುಂಬಿ ಇಡುತ್ತಾರೆ. ಎರಡು ತಿಂಗಳಿಗೆ ಬಚ್ಚಿಡುವುದು ನಿಂತಿತಂತೆ. ಇದು ಮೂರು ತಿಂಗಳಿಗೊಮ್ಮೆ ಕೆಲಸದವರು ಬದಲಾಗುವ ಜಾಗದಲ್ಲಿ ಆಗುತ್ತದಾ? ಆಗಲ್ಲ. ಮಗು ಹೊಸಬರಿಗೆ ಮತ್ತೆ ಮೊದಲಿಂದ ಹೆದರಬೇಕು.

ಮಗಳು ಒಂದು ಅಧ್ಯಯನದ ಬಗ್ಗೆ ಹೇಳಿದಳು. ರೊಮೇನಿಯಾ ದೇಶದ ಬುಕಾರೆಸ್ಟ್ ಊರಿನಲ್ಲಿ 2000ದ ಸುಮಾರಿಗೆ ಶುರುವಾದದ್ದು. ಅನಾಥಾಲಯಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧ ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿ ಸಾಕುವ ಕುಟುಂಬಗಳಿಗೆ ಕಳಿಸಿದರಂತೆ. ಉಳಿದವರು ಅಲ್ಲೇ ಇದ್ದರು. ಆಮೇಲೆ ವರ್ಷಗಟ್ಟಲೆ ಎರಡೂ ಗುಂಪನ್ನು ನೋಡುತ್ತಾ ಹೋದರು. ಮನೆ ಸೇರಿದ ಮಕ್ಕಳು ಬುದ್ಧಿಯಲ್ಲೂ, ಜನರನ್ನು ಹಚ್ಚಿಕೊಳ್ಳುವುದರಲ್ಲೂ ಮುಂದೆ ಬಂದರು. ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಹೋದವರು ಹೆಚ್ಚು ಚೇತರಿಸಿಕೊಂಡರು. ಅಲ್ಲಿ ಊಟಕ್ಕೆ, ಹಾಸಿಗೆಗೆ ಬರ ಇರಲಿಲ್ಲವಂತೆ. ಒಂದೇ ಮುಖ ದಿನಾ ಕಾಣುವುದಕ್ಕೆ ಬರ. ಕೆಲಸದವರು ಪಾಳಿಯಲ್ಲಿ ಬಂದು ಪಾಳಿಯಲ್ಲಿ ಹೋಗುತ್ತಿದ್ದರು. ಇದನ್ನು ಕೇಳಿದಾಗ ನನಗೆ ಆ ಒಂಬತ್ತು ವರ್ಷದ ಅಕ್ಕ ನೆನಪಾದರು. ಅವರ ಸಂಬಳ ಎಷ್ಟು ಅಂತ ಮೇಡಂನ ಕೇಳಿದೆ. ದಾನಿಗಳು ಬಣ್ಣ ಬಳಿಯುವುದಕ್ಕೆ, ಟೈಲ್ಸ್ ಹಾಕುವುದಕ್ಕೆ ಕೇಳಿದಷ್ಟು ಕೊಡುತ್ತಾರೆ, ಅಕ್ಕಂದಿರ ಸಂಬಳಕ್ಕೆ ಕೊಡಿ ಅಂದರೆ ಮುಖ ತಿರುಗಿಸುತ್ತಾರೆ ಅಂದರು. ಟೈಲ್ಸಿನ ಮೇಲೆ ಹೆಸರು ಕೆತ್ತಿಸಬಹುದು, ಅಕ್ಕನ ಮೇಲೆ ಕೆತ್ತಿಸಲು ಆಗುತ್ತದಾ!

ಅಂದ ಹಾಗೆ, ಅಲ್ಲಿ ಅವರನ್ನು ಅಮ್ಮ ಅಂತ ಕರೆಯಿಸುವುದಿಲ್ಲ. ಅಕ್ಕ ಅಂತಲೇ. ಯಾಕೆ ಅಂದರೆ ಬಹಳಷ್ಟು ಮಕ್ಕಳಿಗೆ ಅಮ್ಮ ಇದ್ದಾರೆ.

ಇದು ನನಗೆ ಗೊತ್ತೇ ಇರಲಿಲ್ಲ. ನಾವೆಲ್ಲ ಬಾಯಿ ತುಂಬ ಅನಾಥಾಶ್ರಮ ಅನ್ನುತ್ತೇವೆ. ನಾನು ಮೊದಲು ಹೋದ ವರ್ಷ ಅಲ್ಲಿದ್ದ ಮೂವತ್ತನಾಲ್ಕು ಹುಡುಗಿಯರಲ್ಲಿ ಅಪ್ಪ ಅಮ್ಮ ಇಬ್ಬರೂ ಇಲ್ಲದವರು ನಾಲ್ಕೇ ಜನ. ಉಳಿದವರಿಗೆ ಅಮ್ಮನೋ, ಅಜ್ಜಿಯೋ, ಕುಡಿಯುವ ಅಪ್ಪನೋ ಇದ್ದರು. ಅಪ್ಪ ಸತ್ತು, ಅಮ್ಮ ಕೂಲಿಗೆ ಹೋಗಿ, ಮಗುವನ್ನು ನೋಡಿಕೊಳ್ಳುವವರಿಲ್ಲದೆ ಬಂದವರೇ ಜಾಸ್ತಿ. ಅಂದರೆ ಅವರನ್ನು ಮನೆಯಿಂದ ಹೊರಗೆ ಹಾಕಿದ್ದು ಬಡತನ. ಹಾಗಾದರೆ ಆ ದುಡ್ಡನ್ನು ಅಮ್ಮನಿಗೇ ಕೊಟ್ಟರೆ ಮಗು ಮನೆಯಲ್ಲೇ ಇರಬಹುದಲ್ವಾ?

ಅದಕ್ಕೆ ಯೋಜನೆ ಇದೆ. ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ಒಂದು ಭಾಗ. ಮಗುವಿಗೆ ತಿಂಗಳಿಗೆ 4,000 ರೂಪಾಯಿ ಬರುತ್ತದೆ. ಮೊದಲು 2,000 ಇತ್ತು. ವಿಧವೆ ತಾಯಿ, ಬಿಟ್ಟು ಹೋದ ಗಂಡ, ಹಾಸಿಗೆ ಹಿಡಿದ ತಂದೆ, ಇಂಥ ಮನೆಗಳಿಗೆ. ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ದಾಟಿರಬಾರದು. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೊಡಬೇಕು. ಓದುವವರಲ್ಲಿ ಯಾರಿಗಾದರೂ ಇಂಥ ಮನೆ ಗೊತ್ತಿದ್ದರೆ ದಯವಿಟ್ಟು ಹೇಳಿ. ಹಾಸ್ಟೆಲಿಗೋ ಆಶ್ರಮಕ್ಕೋ ಸೇರಿಸುವ ಮೊದಲು ಇದನ್ನು ಕೇಳಿ ನೋಡಬಹುದು.

ಈ ಮನೆ ಏನು ಮಾಡುತ್ತದೆ ಅಂದರೆ, ಮಗು ಬಂದ ದಿನದಿಂದಲೇ ವಾಪಸ್ ಕಳಿಸುವ ದಾರಿ ಹುಡುಕುತ್ತದೆ. ಪ್ರತಿ ಮಗುವಿಗೂ ಒಂದು ಫೈಲು, ಅದರಲ್ಲಿ ಆ ಮಗುವಿನದೇ ಪಾಲನಾ ಯೋಜನೆ. ಇದು ಕಾನೂನಿನಲ್ಲೇ ಇದೆ, ಆದರೆ ಎಷ್ಟೋ ಕಡೆ ಮೂವತ್ತು ಫೈಲಿನಲ್ಲೂ ಒಂದೇ ಕೈಬರಹದ ಒಂದೇ ವಾಕ್ಯ ಇರುತ್ತದಂತೆ. ಮೂರು ಸೈಜಿನ ಗುಲಾಬಿ ಫ್ರಾಕಿನ ಹಾಗೆ. ಇಲ್ಲಿ ಒಬ್ಬ ಸಮಾಜ ಕಾರ್ಯಕರ್ತೆ ಇದ್ದಾರೆ, ಸ್ಕೂಟಿಯಲ್ಲಿ ಊರೂರು ಅಲೆಯುವುದೇ ಅವರ ಕೆಲಸ. ಅಜ್ಜಿಯ ಮನೆಗೆ ಹೋಗಿ, ಅಡುಗೆಮನೆ ನೋಡಿ, ಪಕ್ಕದ ಮನೆಯವರನ್ನು ಮಾತಾಡಿಸಿ, ಶಾಲೆಯ ಮೇಷ್ಟ್ರನ್ನು ಕೇಳಿ ಬರುತ್ತಾರೆ. ಆಮೇಲೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಇಡುತ್ತಾರೆ. ಒಬ್ಬ ಅಧ್ಯಕ್ಷರು, ನಾಲ್ಕು ಸದಸ್ಯರು. ಮಗುವನ್ನು ಇಡುವುದೂ ಕಳಿಸುವುದೂ ಅವರ ಆದೇಶದಿಂದಲೇ. ಸಂಸ್ಥೆಯವರಿಗೆ ಇಷ್ಟ ಬಂದ ಹಾಗಲ್ಲ.

ಎರಡು ವರ್ಷದ ಹಿಂದೆ ಆ ಕಾರ್ಯಕರ್ತೆ ನನ್ನ ಅಂಗಡಿಗೆ ಬಂದು ಕೂತರು. ‘ಅಕ್ಕಾ, ನಿಮಗೆ ಕಾಜಾ ಗುಂಡಿಗೆ ಜನ ಬೇಕಾ?’ ಅಂತ. ಒಂದು ಹುಡುಗಿಯ ತಾಯಿ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದಳು. ಬೆಂಕಿ, ಹೊಗೆ, ಬೆಳಗಿನ ಜಾವ ಎದ್ದು ಹೋದರೆ ಬರುವುದು ಯಾವಾಗಲೋ. ಮಗುವನ್ನು ಒಬ್ಬಳೇ ಬಿಡಲು ಹೆದರಿಕೆ. ಅದಕ್ಕೇ ಮಗು ಇಲ್ಲಿ. ಹಗಲು ಕೆಲಸ ಸಿಕ್ಕಿ, ಆ ನಾಲ್ಕು ಸಾವಿರವೂ ಬಂದರೆ ಮಗು ಮನೆಗೆ ಹೋಗಬಹುದು. ನನಗೆ ಜನ ಬೇಕಾಗಿರಲಿಲ್ಲ. ಆದರೂ ಬರಲಿ ನೋಡೋಣ ಅಂದೆ. ಬಂದಳು. ಮೊದಲ ವಾರ ಸೂಜಿ ಹಿಡಿದರೆ ಕೈ ನಡುಗುತ್ತಿತ್ತು. ಈಗ ನನ್ನ ಅಂಗಡಿಯಲ್ಲಿ ಬ್ಲೌಸಿನ ಹೆಮ್ಮಿಂಗ್, ಹುಕ್ಕು, ಕುಚ್ಚು ಎಲ್ಲ ಅವಳದೇ. ಅವಳ ಮಗಳು ಶಾಲೆ ಮುಗಿದ ಮೇಲೆ ಸೀದಾ ಇಲ್ಲಿಗೇ ಬಂದು ಕತ್ತರಿಸಿದ ಚೂರು ಬಟ್ಟೆಯಲ್ಲಿ ಗೊಂಬೆಗೆ ಸೀರೆ ಉಡಿಸುತ್ತಾ ಕೂರುತ್ತಾಳೆ.

ಮನೆಗೆ ಕಳಿಸಿ ಕೈ ತೊಳೆದುಕೊಂಡರಾ ಅಂದರೆ, ಇಲ್ಲ. ಕಾರ್ಯಕರ್ತೆ ಮೊದಮೊದಲು ವಾರಕ್ಕೊಮ್ಮೆ ಬರುತ್ತಿದ್ದರು, ಆಮೇಲೆ ತಿಂಗಳಿಗೊಮ್ಮೆ. ಒಂದು ಸಲ ತಾಯಿ ಮಗು ಜಗಳವಾಡಿ, ಮಗು ‘ನಾನು ವಾಪಸ್ ಹೋಗ್ತೀನಿ’ ಅಂತ ಬ್ಯಾಗು ಹಿಡಿದು ನಿಂತಿತ್ತು. ಕಾರ್ಯಕರ್ತೆ ಬಂದು ಎರಡು ಗಂಟೆ ಕೂತು ಮಾತಾಡಿಸಿ ಹೋದರು. ಯಾರೂ ಫೋಟೊ ತೆಗೆಯಲಿಲ್ಲ.

ನಾನು ಶುರು ಮಾಡಿದಾಗ ಮೂವತ್ತನಾಲ್ಕು ಜನರ ಅಳತೆ ಇತ್ತು. ಮರುವರ್ಷ ಇಪ್ಪತ್ತೊಂಬತ್ತು. ಕಳೆದ ದಸರಾಕ್ಕೆ ಇಪ್ಪತ್ತೊಂದು. ನಡುವೆ ಹೊಸ ಮಕ್ಕಳು ಬಂದೂ ಇಷ್ಟು. ನನ್ನ ವ್ಯಾಪಾರ ಲೆಕ್ಕದಲ್ಲಿ ನೋಡಿದರೆ ಗಿರಾಕಿ ಕಳೆದುಕೊಳ್ಳುತ್ತಿದ್ದೇನೆ. ನನ್ನ ಗಂಡ ತಮಾಷೆ ಮಾಡುತ್ತಾರೆ, ಇನ್ನು ನಾಲ್ಕು ವರ್ಷಕ್ಕೆ ಅವರು ಅಂಗಡಿ ಮುಚ್ಚುತ್ತಾರೆ, ಆಮೇಲೆ ನೀನು ಅಂತ. ಮೇಡಂಗೆ ಇದನ್ನು ಹೇಳಿದೆ. ಖುಷಿಯಾಗಿ ನಕ್ಕರು. ದಾನಿಗಳಿಗೆ ಮಾತ್ರ ಇದನ್ನು ವಿವರಿಸುವುದು ಕಷ್ಟ ಅಂದರು. ‘ಈ ವರ್ಷ ಮಕ್ಕಳು ಕಡಿಮೆ, ಆದರೆ ಖರ್ಚು ಜಾಸ್ತಿ’ ಅಂದರೆ ಯಾರು ಒಪ್ಪುತ್ತಾರೆ? ಸ್ಕೂಟಿ ಪೆಟ್ರೋಲು, ಬಸ್ ಚಾರ್ಜು, ಅಜ್ಜಿಯ ಮನೆಯ ಛಾವಣಿಗೆ ನಾಲ್ಕು ಶೀಟು. ಇವು ಯಾವ ಬ್ರೋಷರಿನಲ್ಲೂ ಚಂದ ಕಾಣಲ್ಲ.

ಇಲ್ಲಿ ಒಂದು ಮಾತು. ಸಿದ್ಧಗಂಗೆಯಂಥ ಮಠಗಳ ಹಾಸ್ಟೆಲುಗಳನ್ನು ಇದಕ್ಕೆ ಹೋಲಿಸಬೇಡಿ. ತುಮಕೂರಿನಲ್ಲಿ ಸಾವಿರಗಟ್ಟಲೆ ಮಕ್ಕಳು ಉಂಡು ಓದುತ್ತಾರೆ, ನಮ್ಮ ಚಿಕ್ಕಪ್ಪನೂ ಅಲ್ಲೇ ಓದಿದ್ದು. ಅದು ಓದಿನ ಜಾಗ. ರಜೆ ಬಂದರೆ ಮಕ್ಕಳು ಊರಿಗೆ ಹೋಗುತ್ತಾರೆ, ಹೋಗಲು ಒಂದು ಮನೆ ಇರುತ್ತದೆ. ನಾನು ಹೇಳುತ್ತಿರುವ ಮಕ್ಕಳಿಗೆ ರಜೆಯೇ ಕಷ್ಟದ ಕಾಲ. ಶಾಲೆಯ ಗೆಳತಿಯರೆಲ್ಲ ಅಜ್ಜಿ ಊರಿಗೆ ಹೋದಾಗ ಇವರು ಅಲ್ಲೇ. ಅದಕ್ಕೇ ಏಪ್ರಿಲಿನಲ್ಲಿ ನನ್ನ ಅಂಗಡಿಗೆ ದೊಡ್ಡ ಹುಡುಗಿಯರು ಕಾಜಾ ಕಲಿಯಲು ಬರುತ್ತಾರೆ. ಕಲಿಯುವುದು ಕಡಿಮೆ, ಹರಟೆ ಜಾಸ್ತಿ.

ಗೇಟಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಬಹಳ ಜನ ಬೇಜಾರು ಮಾಡಿಕೊಳ್ಳುವುದು ಅಲ್ಲೇ. ರಿಜಿಸ್ಟರಿನಲ್ಲಿ ಹೆಸರು ಬರೆಯಬೇಕು. ಗುರುತಿನ ಚೀಟಿ ತೋರಿಸಬೇಕು. ಫೋನು ಆಫೀಸಿನಲ್ಲಿ ಇಡಬೇಕು. ಮಲಗುವ ಕೋಣೆಗೆ ಬಿಡುವುದಿಲ್ಲ. ನಾನು ಅದನ್ನು ನೋಡಿದ್ದೂ ಮಕ್ಕಳೇ ಕರೆದ ಮೇಲೆ, ಅಕ್ಕ ಜೊತೆಗಿದ್ದಾಗ. ಮಗುವಿನ ಜೊತೆ ಒಬ್ಬರೇ ಕೂರಲು ಯಾರಿಗೂ ಬಿಡುವುದಿಲ್ಲ, ಎಷ್ಟೇ ದೊಡ್ಡ ದಾನಿಯಾದರೂ. ನನಗೂ ಪೊಲೀಸ್ ವೆರಿಫಿಕೇಶನ್ ಕೇಳಿದರು. ಇಪ್ಪತ್ತು ವರ್ಷದಿಂದ ಇದೇ ರಸ್ತೆಯಲ್ಲಿ ಇದ್ದೇನೆ, ನನಗೇ ಅಂತ ಅನ್ನಿಸಿತು. ಮಾಡಿಸಿಕೊಟ್ಟೆ. ಆಫೀಸಿನ ಗೋಡೆಯ ಮೇಲೆ ನೋಂದಣಿ ಪತ್ರ ತೂಗುಹಾಕಿದ್ದಾರೆ. ಬಾಲ ನ್ಯಾಯ ಕಾಯ್ದೆಯ 41ನೇ ಕಲಮಿನ ಪ್ರಕಾರ ಪ್ರತಿ ಮಕ್ಕಳ ಮನೆಯೂ ನೋಂದಣಿ ಆಗಲೇಬೇಕು, ಐದು ವರ್ಷಕ್ಕೊಮ್ಮೆ ನವೀಕರಣ. ಆ ಪತ್ರ ತೋರಿಸಿ ಅಂದರೆ ‘ಫೈಲಿನಲ್ಲಿದೆ, ಆಮೇಲೆ ತೋರಿಸ್ತೀವಿ’ ಅನ್ನುವ ಜಾಗಕ್ಕೆ ನಾನಾದರೆ ನೂರು ರೂಪಾಯಿಯನ್ನೂ ಕೊಡುವುದಿಲ್ಲ. ಪತ್ರದ ಪಕ್ಕದಲ್ಲೇ ಒಂದು ಪೆಟ್ಟಿಗೆ ಇದೆ, ಮಕ್ಕಳು ದೂರು ಬರೆದು ಹಾಕಲು. ಅದರ ಕೀಲಿ ಮೇಡಂ ಹತ್ತಿರ ಇಲ್ಲ. ಹೊರಗಿನಿಂದ ಬರುವವರು ತೆಗೆಯುತ್ತಾರೆ. ಮಕ್ಕಳ ಸಹಾಯವಾಣಿಯ ನಂಬರು 1098 ಅಂತ ದೊಡ್ಡದಾಗಿ ಬರೆದಿದೆ, ಫೋನು ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿದೆ. ಈ ಎತ್ತರವನ್ನು ನಾನು ಗಮನಿಸಿದೆ. ಅಳತೆಯ ಕಸುಬಿನವಳಲ್ವಾ.

ಊಟದ ಪಟ್ಟಿಯನ್ನು ಅಲ್ಲಿನ ಮಕ್ಕಳದೇ ಒಂದು ಸಮಿತಿ ತಿಂಗಳಿಗೊಮ್ಮೆ ಕೂತು ಮಾಡುತ್ತದೆ. ಭಾನುವಾರ ಸಂಜೆ ಮಂಡಕ್ಕಿ ಮೆಣಸಿನಕಾಯಿ ಬೇಕೇ ಬೇಕು ಅಂತ ಹೋರಾಡಿ ಗೆದ್ದಿದ್ದಾರೆ. ದಾವಣಗೆರೆಯ ಮಕ್ಕಳು, ಬೇರೆ ಏನು ಕೇಳುತ್ತಾರೆ.

ಇನ್ನು ಕಡಿಮೆಯಾದ ಸ್ಟಾರ್.

ಇದು ಹುಡುಗಿಯರ ಮನೆ. ಅಕ್ಕ ತಮ್ಮ ಇಬ್ಬರೂ ಬಂದರೆ ತಮ್ಮ ಬೇರೆ ಕಡೆ ಹೋಗಬೇಕು. ಒಬ್ಬ ಹುಡುಗಿ ತಾನು ಆರಿಸಿದ ಬಟ್ಟೆಯಲ್ಲೇ ತಮ್ಮನಿಗೂ ಒಂದು ಅಂಗಿ ಹೊಲಿದುಕೊಡಿ ಅಂದಳು. ಅಳತೆ ಕೇಳಿದೆ. ಗಾಳಿಯಲ್ಲಿ ಕೈ ತೋರಿಸಿ, ‘ಇಷ್ಟು ಇದ್ದ’ ಅಂದಳು. ಎಂಟು ತಿಂಗಳ ಹಿಂದೆ ನೋಡಿದ್ದಂತೆ. ಎರಡು ಮನೆಯವರೂ ಸೇರಿ ತಿಂಗಳಿಗೊಮ್ಮೆ ಭೇಟಿ ಮಾಡಿಸಬೇಕಿತ್ತು, ವ್ಯಾನು ಇಲ್ಲ, ಜೊತೆಗೆ ಹೋಗಲು ಜನ ಇಲ್ಲ ಅಂತ ಮುಂದೂಡುತ್ತಾ ಬಂದಿದ್ದರು. ಬೇರೆ ಎಲ್ಲದರಲ್ಲೂ ಇಷ್ಟು ಸೂಕ್ಷ್ಮ ಇರುವವರು ಇದರಲ್ಲಿ ಯಾಕೆ ಎಡವಿದರೋ. ನಾನು ಮೇಡಂಗೆ ನೇರವಾಗಿಯೇ ಹೇಳಿದೆ. ತಪ್ಪು ನಮ್ಮದೇ ಅಂದರು. ಈಗ ಎರಡು ತಿಂಗಳಿಗೊಮ್ಮೆ ಕರೆದುಕೊಂಡು ಹೋಗುತ್ತಾರೆ. ನನಗೆ ಇನ್ನೂ ಸಮಾಧಾನ ಇಲ್ಲ. ಅಂಗಿಯನ್ನು ಎರಡು ಇಂಚು ದೊಡ್ಡದೇ ಹೊಲಿದೆ. ಬಿಗಿಯಾಯಿತಂತೆ.

ಹದಿನೆಂಟು ತುಂಬಿದ ಮೇಲೆ ಏನು ಅನ್ನುವುದೂ ಅಷ್ಟು ಗಟ್ಟಿ ಇಲ್ಲ. ಕಾಯ್ದೆಯಲ್ಲಿ ಆಮೇಲೂ ಇಪ್ಪತ್ತೊಂದರವರೆಗೆ ನೆರವು ಕೊಡಬಹುದು ಅಂತಿದೆ. ಆದರೆ ಹೋದ ವರ್ಷ ಹೊರಗೆ ಹೋದ ಹುಡುಗಿಗೆ ಬ್ಯಾಂಕಿಗೆ ಹೋಗಿ ಚಲನ್ ತುಂಬುವುದು ಗೊತ್ತಿರಲಿಲ್ಲ. ಗ್ಯಾಸ್ ಬುಕ್ ಮಾಡುವುದು ಗೊತ್ತಿರಲಿಲ್ಲ. ಮನೆಯಲ್ಲಿ ಬೆಳೆದ ಮಗು ಇದನ್ನೆಲ್ಲ ಸುಮ್ನೆ ನೋಡಿ ಕಲಿಯುತ್ತದೆ, ಇವರಿಗೆ ಯಾರಾದರೂ ಕೂರಿಸಿ ಕಲಿಸಬೇಕು. ಮೊದಲ ಸಂಬಳ ಬಂದ ದಿನ ಅವಳು ಅಂಗಡಿಗೆ ಬಂದು, ‘ಆಂಟಿ, ಇದರಲ್ಲಿ ಎಷ್ಟು ಖರ್ಚು ಮಾಡಬಹುದು?’ ಅಂತ ಕೇಳಿದಳು. ಇದನ್ನು ಹದಿನಾರರಿಂದಲೇ ಶುರು ಮಾಡಬೇಕಿತ್ತು. ಆಪ್ತ ಸಲಹೆಗಾರರು ಬರುವುದೂ ವಾರಕ್ಕೆ ಎರಡೇ ದಿನ, ಅದು ಸಾಲದು.

ನನ್ನ ಬಿಲ್ಲು ಎರಡು ತಿಂಗಳು ತಡ ಮಾಡುತ್ತಾರೆ, ಅನುದಾನ ಬಂದಿಲ್ಲ ಅಂತ. ಇದನ್ನು ಸ್ಟಾರಿಗೆ ಸೇರಿಸಿಲ್ಲ. ಆದರೆ ಹೇಳದೆ ಬಿಡಲು ನಾನೇನು ಸಂತಳಲ್ಲ.

ಕೊಡಬೇಕು ಅನ್ನಿಸಿದವರಿಗೆ ಅಲ್ಲಿನ ನಿಯಮ ಹೇಳಿಬಿಡುತ್ತೇನೆ, ಬೇರೆ ಒಳ್ಳೆಯ ಮನೆಗಳಲ್ಲೂ ಹೆಚ್ಚುಕಡಿಮೆ ಹೀಗೇ ಇರಬಹುದು. ಹಳೇ ಬಟ್ಟೆ ತೆಗೆದುಕೊಳ್ಳುವುದಿಲ್ಲ. ಬೇಯಿಸಿದ ಅಡುಗೆ ಇಲ್ಲ. ನಿಮ್ಮ ಮಗುವಿನ ಹುಟ್ಟುಹಬ್ಬವನ್ನು ಅಲ್ಲಿ ಕೇಕ್ ಕತ್ತರಿಸಿ ಮಾಡುವಂತಿಲ್ಲ. ಅಲ್ಲಿನ ಮಕ್ಕಳ ಹುಟ್ಟುಹಬ್ಬ ಅವರೇ ಮಾಡುತ್ತಾರೆ, ಒಬ್ಬೊಬ್ಬರದೂ ಬೇರೆ ಬೇರೆ ದಿನ. ಈ ಮಗು ನಿಮ್ಮದು ಅಂತ ಯಾರ ಹೆಸರಿಗೂ ಹಚ್ಚುವುದಿಲ್ಲ. ಬೇಳೆ, ಎಣ್ಣೆ, ನೋಟ್‌ಬುಕ್ಕು, ಸ್ಯಾನಿಟರಿ ಪ್ಯಾಡು ಅವರು ಹೇಳಿದಷ್ಟು ಕೊಡಬಹುದು. ದುಡ್ಡಾದರೆ ತಿಂಗಳಿಗೆ ಸ್ವಲ್ಪ, ತಪ್ಪದೆ. ಒಮ್ಮೆಗೇ ದೊಡ್ಡದು ಕೊಟ್ಟು ಮಾಯವಾಗುವವರಿಗಿಂತ ತಿಂಗಳಿಗೆ ಐನೂರು ಕೊಡುವವರು ಮೇಲು ಅನ್ನುತ್ತಾರೆ ಮೇಡಂ. ಅಕ್ಕನ ಸಂಬಳ ಪ್ರತಿ ತಿಂಗಳೂ ಬರಬೇಕಲ್ಲ. ರಸೀದಿ ಕೊಡುತ್ತಾರೆ. ದಾನಕ್ಕೆ ತೆರಿಗೆ ವಿನಾಯಿತಿ ಬೇಕಾದವರು ಎರಡು ಸಾವಿರಕ್ಕಿಂತ ಜಾಸ್ತಿ ಇದ್ದರೆ ನಗದು ಕೊಡಬೇಡಿ, ಬ್ಯಾಂಕಿನಿಂದಲೇ ಹಾಕಿ.

ಅವ್ವನ ಪುಣ್ಯತಿಥಿಗೆ ಈಗ ನಾನು ಐದು ಕೆ.ಜಿ. ಬೆಲ್ಲ, ಐದು ಕೆ.ಜಿ. ಕಡಲೆಬೇಳೆ ಗೇಟಿನಲ್ಲಿ ಇಳಿಸಿ ಬರುತ್ತೇನೆ. ಯಾವ ದಿನ ಹೋಳಿಗೆ ಮಾಡಿದರು ಅಂತ ನಾನು ಕೇಳುವುದಿಲ್ಲ. ಈ ಸಲ ಮಾತ್ರ ಗೊತ್ತಾಯಿತು, ಶನಿವಾರ ಅಳತೆಗೆ ಬಂದ ಒಬ್ಬಳು ಕಾಗದದಲ್ಲಿ ಸುತ್ತಿ ಒಂದು ತಂದಿದ್ದಳು. ಅಂಚು ಸ್ವಲ್ಪ ಕರಕಲಾಗಿತ್ತು. ‘ಇದು ನಾನು ತಟ್ಟಿದ್ದು’ ಅಂದಳು. ತಿಂದೆ. ಆಮೇಲೆ ಕೈ ತೊಳೆದುಕೊಂಡು ಟೇಪು ತೆಗೆದೆ. ಹೋದ ದಸರಾದಿಂದ ಈಚೆಗೆ ಮೂರು ಇಂಚು ಬೆಳೆದಿದ್ದಾಳೆ. ಮಡಿಕೆಯಲ್ಲಿ ಬಿಟ್ಟದ್ದು ಎರಡೇ ಇಂಚು, ಸಾಲುವುದಿಲ್ಲ.